ಮೂರನೆಯ ಬಾರಿಗೂ ಅವರೇ ಬೇಕೆಂದರೆ: ಅವಧಿ ಮಿತಿ ಮತ್ತು ಮತದಾರರ ಹಕ್ಕು



2016ರ ಫೆಬ್ರವರಿ 21ರಂದು ದಕ್ಷಿಣ ಅಮೆರಿಕದ ಬೊಲಿವಿಯಾದಲ್ಲಿ ಜನರ ಮುಂದೆ ಒಂದೇ ಪ್ರಶ್ನೆಯ ಮತಪತ್ರವಿತ್ತು. ಸಂವಿಧಾನದ 168ನೆಯ ವಿಧಿಯನ್ನು ತಿದ್ದಿ, ಅಧ್ಯಕ್ಷರೂ ಉಪಾಧ್ಯಕ್ಷರೂ ಸತತವಾಗಿ ಎರಡು ಸಲ ಮರುಆಯ್ಕೆಯಾಗಲು ಅವಕಾಶ ಕೊಡಬಹುದೇ ಎಂಬುದು ಆ ಪ್ರಶ್ನೆ. ಅಲ್ಲಿಯತನಕ ಸತತ ಮರುಆಯ್ಕೆಗೆ ಅವಕಾಶವಿದ್ದದ್ದು ಒಮ್ಮೆ ಮಾತ್ರ. ಆಗಲಿ ಎಂದವರು ಶೇ 48.7, ಬೇಡ ಎಂದವರು ಶೇ 51.3. ಅಂತರ ಒಂದೂವರೆ ಲಕ್ಷ ಮತವೂ ಇಲ್ಲ. ಆದರೂ ತೀರ್ಪು ತೀರ್ಪೇ. ಫಲಿತಾಂಶ ಒಪ್ಪುತ್ತೇನೆ ಎಂದು ಅಧ್ಯಕ್ಷ ಇವೊ ಮೋರಾಲೆಸ್ ಕೂಡ ಹೇಳಿದರು.

ಇಪ್ಪತ್ತೊಂದು ತಿಂಗಳು ಕಳೆದವು. 2017ರ ನವೆಂಬರ್ 28ರಂದು ಆ ದೇಶದ ಸಾಂವಿಧಾನಿಕ ನ್ಯಾಯಮಂಡಳಿ ಇನ್ನೊಂದು ತೀರ್ಪು ಕೊಟ್ಟಿತು. ಎಷ್ಟು ಸಲ ಆಯ್ಕೆಯಾಗಬಹುದೆಂದು ಮಿತಿ ಹಾಕುವುದೇ ಮಾನವ ಹಕ್ಕಿನ ಉಲ್ಲಂಘನೆ, ಆದ್ದರಿಂದ ಆ ಮಿತಿ ಇನ್ನು ಯಾರಿಗೂ ಅನ್ವಯವಾಗದು ಎಂದಿತು. ಎರಡು ಸಲ ಮರುಆಯ್ಕೆ ಬೇಡವೆಂದ ಮತದಾರರಿಗೆ ಎಷ್ಟು ಸಲ ಬೇಕಾದರೂ ಆಗಬಹುದೆಂಬ ಉತ್ತರ ಬಂತು. ಅದೂ ಆರಿಸುವ ಮತ್ತು ಆರಿಸಿಬರುವ ಹಕ್ಕಿನ ಹೆಸರಿನಲ್ಲಿ!

ಅವಧಿ ಮಿತಿ ಮತದಾರರ ಹಕ್ಕನ್ನು ಮೊಟಕುಗೊಳಿಸುತ್ತದೆಯೇ ಎಂಬ ಇಂದಿನ ವಿಷಯವನ್ನು ನಾನು ಬೊಲಿವಿಯಾದಿಂದ ಶುರುಮಾಡಲು ಇದೇ ಕಾರಣ. ಬೇರೆಡೆ ಪಂಡಿತರ ಚರ್ಚೆಯಾಗಿ ಉಳಿದದ್ದು ಅಲ್ಲಿ ಬೀದಿಯಲ್ಲಿ ನಡೆದುಹೋಗಿದೆ, ರಕ್ತವೂ ಹರಿದಿದೆ.

ಮೋರಾಲೆಸ್ ಅವರನ್ನು ಕುರ್ಚಿ ಬಿಡದ ಮತ್ತೊಬ್ಬ ಸರ್ವಾಧಿಕಾರಿ ಎಂದು ಸುಲಭವಾಗಿ ಪಕ್ಕಕ್ಕಿಟ್ಟರೆ ವಿಷಯ ಕೈತಪ್ಪುತ್ತದೆ. ಅವರು ಐಮಾರಾ ಸಮುದಾಯದವರು. ಚಪಾರೆ ಪ್ರದೇಶದ ಕೋಕಾ ಬೆಳೆಗಾರರ ಸಂಘದಿಂದ ಮೇಲೆ ಬಂದವರು. ಮೂಲನಿವಾಸಿಗಳೇ ದೊಡ್ಡ ಸಂಖ್ಯೆಯಲ್ಲಿರುವ ದೇಶದಲ್ಲಿ ಆ ಜನರ ಗುರುತು ಹೊತ್ತು ಅಧ್ಯಕ್ಷರಾದ ಮೊದಲಿಗರು. 2005ರ ಕೊನೆಯಲ್ಲಿ ಶೇ 53ಕ್ಕೂ ಹೆಚ್ಚು ಮತ ಪಡೆದರು, 2009ರಲ್ಲಿ ಶೇ 64, 2014ರಲ್ಲಿ ಶೇ 61. ಅನಿಲ ಉದ್ಯಮವನ್ನು ರಾಷ್ಟ್ರೀಕರಿಸಿದರು. ಬಡತನ ಇಳಿಯಿತು. ಶತಮಾನಗಳ ಕಾಲ ಬಾಗಿಲ ಹೊರಗೇ ನಿಂತಿದ್ದ ಜನ ‘ನಮ್ಮವರು ಬಂದರು’ ಎಂದುಕೊಂಡರು. ಅಂಥವರಿಗೆ ಹೋಗಿ, ನಿಮ್ಮವರಿಗೆ ಇನ್ನು ಮತ ಹಾಕುವಂತಿಲ್ಲ ಎಂದರೆ ಅವರು ಕೇಳುವ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ.

ಆದರೆ 168ನೆಯ ವಿಧಿ ಬಂದದ್ದು ಎಲ್ಲಿಂದ? ಮೋರಾಲೆಸ್ ಅವರದೇ ಕಾಲದಲ್ಲಿ ಬರೆದ, 2009ರ ಜನವರಿಯಲ್ಲಿ ಶೇ 61ರಷ್ಟು ಮತದಾರರು ಒಪ್ಪಿದ ಹೊಸ ಸಂವಿಧಾನದಿಂದ. ಹೊಸ ಸಂವಿಧಾನಕ್ಕೆ ಮುಂಚಿನ ಅವಧಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಅದರ ಸಂಕ್ರಮಣ ನಿಯಮಗಳಲ್ಲಿ ಸ್ಪಷ್ಟವಾಗಿ ಬರೆದಿತ್ತು. ಹಾಗಿದ್ದರೂ 2013ರಲ್ಲಿ ನ್ಯಾಯಮಂಡಳಿ, ದೇಶವೇ ಹೊಸದಾಗಿ ಸ್ಥಾಪನೆಯಾಗಿದೆ, ಹಳೆಯ ಗಣರಾಜ್ಯದ ಅವಧಿ ಲೆಕ್ಕಕ್ಕಿಲ್ಲ ಎಂದಿತು. ಮೋರಾಲೆಸ್ ಅವರ ಮೂರನೆಯ ಅವಧಿ ಎರಡನೆಯದಾಯಿತು. ಆಮೇಲೆ 2016ರ ಜನಮತಗಣನೆ, ಅದರಲ್ಲಿ ಸೋಲು, 2017ರ ತೀರ್ಪು. ಬಾಗಿಲು ಮುಚ್ಚಿದರೆ ಕಿಟಕಿ, ಕಿಟಕಿ ಮುಚ್ಚಿದರೆ ಹೆಂಚು.

ಮಿತಿ ಬೇಡವೆನ್ನುವವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಮೆರಿಕದ ಸಂವಿಧಾನದ ಪರವಾಗಿ ಬರೆಯುತ್ತಾ ಅಲೆಕ್ಸಾಂಡರ್ ಹ್ಯಾಮಿಲ್ಟನ್ 1788ರಲ್ಲೇ ಅದನ್ನು ಮಂಡಿಸಿದ್ದ. ಮರುಆಯ್ಕೆಯ ಆಸೆಯೇ ಇಲ್ಲದವನು ಒಳ್ಳೆಯ ಕೆಲಸ ಏಕೆ ಮಾಡಬೇಕು? ಇರುವಷ್ಟು ದಿನದಲ್ಲಿ ದೋಚಿಕೊಳ್ಳುವ ಆಸೆ ಹುಟ್ಟದೇ? ಕಷ್ಟಕಾಲದಲ್ಲಿ ಅನುಭವಸ್ಥನನ್ನೇ ಮನೆಗೆ ಕಳಿಸಬೇಕೇ? ಹ್ಯಾಮಿಲ್ಟನ್‌ಗೆ ತಕ್ಕ ಉದಾಹರಣೆ ಒಂದೂವರೆ ಶತಮಾನದ ನಂತರ ಸಿಕ್ಕಿತು. 1940ರಲ್ಲಿ ಯುರೋಪು ಹೊತ್ತಿ ಉರಿಯುವಾಗ ಅಮೆರಿಕದ ಮತದಾರರು ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು ಮೂರನೆಯ ಸಲ ಆರಿಸಿದರು, 1944ರಲ್ಲಿ ನಾಲ್ಕನೆಯ ಸಲ. ವಾಷಿಂಗ್ಟನ್ ಕಾಲದಿಂದ ಬಂದ ಎರಡೇ ಅವಧಿಯ ಸಂಪ್ರದಾಯವನ್ನು ಮುರಿದವರು ಮತದಾರರೇ. ಅವರು ತಪ್ಪು ಮಾಡಿದರೆಂದು ಇವತ್ತು ಹೇಳುವವರು ಕಡಿಮೆ. ಆದರೂ ರೂಸ್‌ವೆಲ್ಟ್ ತೀರಿಕೊಂಡು ಆರು ವರ್ಷವೂ ತುಂಬುವ ಮೊದಲೇ, 1951ರ ಫೆಬ್ರವರಿಯಲ್ಲಿ, 22ನೆಯ ತಿದ್ದುಪಡಿ ಜಾರಿಗೆ ಬಂತು. ಯಾರೂ ಎರಡು ಸಲಕ್ಕಿಂತ ಹೆಚ್ಚು ಅಧ್ಯಕ್ಷರಾಗಿ ಆಯ್ಕೆಯಾಗುವಂತಿಲ್ಲ. ಇದರಲ್ಲಿ ರೂಸ್‌ವೆಲ್ಟ್ ವಿರೋಧಿಗಳ ಸೇಡೂ ಸ್ವಲ್ಪ ಇತ್ತು. ಇರಲಿ.

ಬೊಲಿವಿಯಾದ ನ್ಯಾಯಾಧೀಶರು ಹಿಡಿದದ್ದು ಅಮೆರಿಕ ಖಂಡದ ಮಾನವ ಹಕ್ಕುಗಳ ಒಡಂಬಡಿಕೆಯ 23ನೆಯ ವಿಧಿಯನ್ನು. ರಾಜಕೀಯ ಹಕ್ಕುಗಳಿಗೆ ವಯಸ್ಸು, ಪೌರತ್ವ, ವಾಸ, ಭಾಷೆ, ಶಿಕ್ಷಣ, ಮಾನಸಿಕ ಸಾಮರ್ಥ್ಯ, ಕ್ರಿಮಿನಲ್ ಶಿಕ್ಷೆ ಇಂಥ ಕೆಲವೇ ಆಧಾರದಲ್ಲಿ ಕಟ್ಟುಪಾಡು ಹಾಕಬಹುದೆಂದು ಅದು ಪಟ್ಟಿ ಕೊಡುತ್ತದೆ. ಆ ಪಟ್ಟಿಯಲ್ಲಿ ‘ಹಿಂದೆ ಎಷ್ಟು ಸಲ ಗೆದ್ದಿದ್ದೀರಿ’ ಎಂಬುದಿಲ್ಲ, ಆದ್ದರಿಂದ ಮಿತಿ ಅಸಿಂಧು ಎಂಬ ತರ್ಕ. ವಕೀಲರಿಗೆ ಇಷ್ಟವಾಗುವ ತರ್ಕವೇ. ಆದರೆ ಅಂತರ-ಅಮೆರಿಕ ಮಾನವ ಹಕ್ಕುಗಳ ನ್ಯಾಯಾಲಯ ಕೊಲಂಬಿಯಾ ಕೇಳಿದ ಪ್ರಶ್ನೆಗೆ 2021ರಲ್ಲಿ ಸಲಹಾ ಅಭಿಪ್ರಾಯ ಕೊಡುತ್ತಾ ಅದನ್ನು ಒಪ್ಪಲಿಲ್ಲ. ಅನಿರ್ದಿಷ್ಟ ಮರುಆಯ್ಕೆ ಎಂಬ ಸ್ವತಂತ್ರ ಮಾನವ ಹಕ್ಕು ಇಲ್ಲ, ಅದಕ್ಕೆ ಅವಕಾಶ ಕೊಡುವುದೇ ಪ್ರಾತಿನಿಧಿಕ ಪ್ರಜಾಪ್ರಭುತ್ವದ ತತ್ತ್ವಕ್ಕೆ ವಿರುದ್ಧ ಎಂದಿತು. ಯುರೋಪಿನ ವೆನಿಸ್ ಆಯೋಗ ಅದಕ್ಕೂ ಮೊದಲೇ, 2018ರಲ್ಲಿ, ಹೆಚ್ಚುಕಡಿಮೆ ಅದೇ ನಿಲುವಿಗೆ ಬಂದಿತ್ತು.

ನ್ಯಾಯಾಲಯಗಳು ಹೇಳಿದವೆಂದ ಮಾತ್ರಕ್ಕೆ ನಮಗೆ ಸಮಾಧಾನವಾಗಬೇಕಿಲ್ಲ. ನನ್ನನ್ನು ಒಪ್ಪಿಸಿದ್ದು ಕಾನೂನಿಗಿಂತ ಹೆಚ್ಚಾಗಿ ಚುನಾವಣೆ ನಡೆಯುವ ರೀತಿ. ಅಧಿಕಾರದಲ್ಲಿರುವ ಅಧ್ಯಕ್ಷ ಸ್ಪರ್ಧಿಸುವಾಗ ಆತ ಹತ್ತರಲ್ಲಿ ಒಬ್ಬ ಅಭ್ಯರ್ಥಿಯಷ್ಟೇ ಆಗಿರುವುದಿಲ್ಲ. ಸರ್ಕಾರಿ ವಾಹಿನಿ ಅವನದು, ಜಾಹೀರಾತಿನ ಹಣ ಅವನದು, ಯೋಜನೆಗಳ ಉದ್ಘಾಟನೆ ಅವನದು. ಗುತ್ತಿಗೆ ಬೇಕಾದವರು, ವರ್ಗಾವಣೆಗೆ ಹೆದರುವವರು ಅವನ ಕಡೆ. ಚುನಾವಣಾ ಅಧಿಕಾರಿಯನ್ನೂ ನ್ಯಾಯಾಧೀಶನನ್ನೂ ನೇಮಿಸುವಲ್ಲಿ ಅವನ ಪಕ್ಷದ ಕೈ. ಎರಡನೆಯ ಅವಧಿಗಿಂತ ಮೂರನೆಯದರಲ್ಲಿ, ಮೂರನೆಯದಕ್ಕಿಂತ ನಾಲ್ಕನೆಯದರಲ್ಲಿ ಈ ಕೈ ಉದ್ದವಾಗುತ್ತಾ ಹೋಗುತ್ತದೆ. ಇದನ್ನು ಭಾರತದ ಮತದಾರರಿಗೆ ಬಿಡಿಸಿ ಹೇಳಬೇಕಿಲ್ಲ. ಚುನಾವಣೆ ಘೋಷಣೆಯಾದ ದಿನದಿಂದ ಮಾದರಿ ನೀತಿ ಸಂಹಿತೆ ಜಾರಿಗೆ ಬಂದು, ಮಂತ್ರಿಗಳು ಹೊಸ ಯೋಜನೆ ಘೋಷಿಸುವಂತಿಲ್ಲ, ಸರ್ಕಾರಿ ಕಾರಿನಲ್ಲಿ ಪ್ರಚಾರಕ್ಕೆ ಹೋಗುವಂತಿಲ್ಲ, ಫಲಕದ ಮೇಲಿನ ಅವರ ಭಾವಚಿತ್ರಕ್ಕೂ ಬಟ್ಟೆ ಮುಚ್ಚಬೇಕು. ಇದರಿಂದ ಮತದಾರರ ಹಕ್ಕು ಕುಂದಿತೆಂದು ಯಾರೂ ದೂರುವುದಿಲ್ಲ. ಕೆಲವು ವಾರಗಳ ಮಟ್ಟಿಗೆ ನಾವು ಒಪ್ಪಿಕೊಂಡದ್ದನ್ನೇ ಅವಧಿ ಮಿತಿ ವರ್ಷಗಳ ಮಟ್ಟಿಗೆ ಮಾಡುತ್ತದೆ.

2019ರ ಅಕ್ಟೋಬರ್ 20ರಂದು ಮೋರಾಲೆಸ್ ನಾಲ್ಕನೆಯ ಸಲ ಸ್ಪರ್ಧಿಸಿದರು. ಅಲ್ಲಿನ ನಿಯಮದಂತೆ ಶೇ 40ರ ಮೇಲೆ ಮತವೂ ಎರಡನೆಯವರಿಗಿಂತ ಶೇ 10ರ ಮುನ್ನಡೆಯೂ ಇದ್ದರೆ ಮೊದಲ ಸುತ್ತಿನಲ್ಲೇ ಗೆಲುವು. ಆ ರಾತ್ರಿ ತ್ವರಿತ ಎಣಿಕೆ ಸುಮಾರು ಶೇ 84ರಲ್ಲಿ ನಿಂತುಬಿಟ್ಟಿತು. ಮರುದಿನ ಮತ್ತೆ ಶುರುವಾದಾಗ ಅಂತರ ಏರಿತ್ತು. ಅಂತಿಮ ಲೆಕ್ಕದಲ್ಲಿ ಮೋರಾಲೆಸ್ ಅವರಿಗೆ ಶೇ 47.08, ಎರಡನೆಯ ಸ್ಥಾನದ ಕಾರ್ಲೋಸ್ ಮೆಸಾ ಅವರಿಗೆ ಶೇ 36.51. ಗೆರೆಗಿಂತ ಅರ್ಧ ಶೇಕಡಾದಷ್ಟು ಮೇಲೆ. ಮೋಸ ನಡೆದಿದೆ ಎಂದು ಅಮೆರಿಕ ರಾಷ್ಟ್ರಗಳ ಸಂಘಟನೆ ಹೇಳಿತು. ಆ ಲೆಕ್ಕಾಚಾರವೇ ಸರಿಯಿಲ್ಲ, ಹಳ್ಳಿಗಾಡಿನ ಮತ ತಡವಾಗಿ ಎಣಿಕೆಗೆ ಬಂದರೆ ಹೀಗಾಗುವುದು ಸಹಜ ಎಂದು ಹಲವು ಸಂಖ್ಯಾಶಾಸ್ತ್ರಜ್ಞರು ತಿರುಗಿಬಿದ್ದರು. ಆ ಜಗಳದಲ್ಲಿ ನಾನು ಪಂಚಾಯಿತಿ ಮಾಡಲಾರೆ. ಅಲ್ಲಿ ಬೇರೆಯದೇ ಒಂದು ನಷ್ಟವಾಗಿತ್ತು: ಎಣಿಕೆ ಸರಿಯಾಗಿದ್ದಿದ್ದರೂ ನಂಬುವವರು ಉಳಿದಿರಲಿಲ್ಲ. ಜನರು ಬೇಡವೆಂದ ಮೇಲೂ ಸ್ಪರ್ಧಿಸಿದವನ ಪರವಾಗಿ ಬಂದ ಫಲಿತಾಂಶವನ್ನು ದೇಶದ ಅರ್ಧ ಜನ ಮೊದಲೇ ಅನುಮಾನದಿಂದ ನೋಡಿದರು. ಸೇನೆಯ ಮುಖ್ಯಸ್ಥರು ರಾಜೀನಾಮೆಯ ಸಲಹೆ ಕೊಟ್ಟರು. ನವೆಂಬರ್ 10ರಂದು ಮೋರಾಲೆಸ್ ಕೆಳಗಿಳಿದು ಮೆಕ್ಸಿಕೊಗೆ ಹೋದರು. ನಂತರ ಸಕಾಬಾ ಮತ್ತು ಸೆಂಕಾಟಾಗಳಲ್ಲಿ ಭದ್ರತಾ ಪಡೆಗಳ ಕಾರ್ಯಾಚರಣೆಯಲ್ಲಿ ಸತ್ತವರು ಬಹುತೇಕ ಅವರ ಬೆಂಬಲಿಗರಾದ ಬಡವರೇ.

ಒಂದು ವರ್ಷದ ನಂತರ, 2020ರ ಅಕ್ಟೋಬರ್‌ನಲ್ಲಿ, ಮೋರಾಲೆಸ್ ಅವರದೇ ಪಕ್ಷ ಲೂಯಿಸ್ ಆರ್ಸೆ ಎಂಬ ಬೇರೆ ಅಭ್ಯರ್ಥಿಯನ್ನು ನಿಲ್ಲಿಸಿ ಶೇ 55ರಷ್ಟು ಮತ ಪಡೆದು ಗೆದ್ದಿತು. ಹಿಂದಿನ ವರ್ಷ ಮೋರಾಲೆಸ್ ಪಡೆದದ್ದಕ್ಕಿಂತ ಎಂಟು ಶೇಕಡಾ ಹೆಚ್ಚು! ಮತದಾರರಿಗೆ ಆ ಪಕ್ಷ ಬೇಕಿತ್ತು, ಆ ಕಾರ್ಯಕ್ರಮ ಬೇಕಿತ್ತು. ಆ ಒಬ್ಬರೇ ಆಗಬೇಕೆಂಬ ಹಟ ಮತದಾರರದಾಗಿರಲಿಲ್ಲ.

ಇಷ್ಟು ಹೇಳಿದ ಮೇಲೆ ನನ್ನನ್ನು ಎಲ್ಲ ಅವಧಿ ಮಿತಿಗಳ ವಕೀಲನೆಂದು ತಿಳಿಯಬೇಡಿ. ಶಾಸಕರಿಗೆ ಮಿತಿ ಹಾಕುವ ವಿಷಯಕ್ಕೆ ಬಂದರೆ ನಾನು ಎದುರು ಪಕ್ಷದಲ್ಲಿ ಕೂರುತ್ತೇನೆ.

ಮೆಕ್ಸಿಕೊದ ಕಥೆ ಕೇಳಿ. ಮರುಆಯ್ಕೆ ಬೇಡ ಎಂಬ ಘೋಷಣೆಯೊಂದಿಗೆ 1876ರಲ್ಲಿ ಅಧಿಕಾರ ಹಿಡಿದ ಪೊರ್ಫಿರಿಯೊ ದಿಯಾಸ್, ನಡುವೆ ನಾಲ್ಕು ವರ್ಷ ಬಿಟ್ಟರೆ, 1911ರವರೆಗೆ ಕುರ್ಚಿಯಲ್ಲೇ ಇದ್ದ. ಅವನ ವಿರುದ್ಧ ಫ್ರಾನ್ಸಿಸ್ಕೊ ಮದೆರೊ ಎತ್ತಿದ್ದೂ ಅದೇ ಘೋಷಣೆ: ಮತಕ್ಕೆ ಬೆಲೆ ಇರಲಿ, ಮರುಆಯ್ಕೆ ಬೇಡ. ಕ್ರಾಂತಿಯ ನಂತರ ಅದು ಸರ್ಕಾರಿ ಪತ್ರಗಳ ಕೊನೆಯಲ್ಲಿ ಸಹಿಯ ಹತ್ತಿರ ಅಚ್ಚಾಗುವ ಒಕ್ಕಣೆಯಾಯಿತು. ನೀರಿನ ಬಿಲ್ಲಿನ ತಕರಾರಿಗೆ ಉತ್ತರ ಬರೆಯುವ ಗುಮಾಸ್ತನೂ ಅದನ್ನು ಬರೆದೇ ಕಾಗದ ಮುಗಿಸುವ ಪದ್ಧತಿ ಬೆಳೆಯಿತು. ಅಧ್ಯಕ್ಷರಾಗಿದ್ದ ಅಲ್ವಾರೊ ಒಬ್ರೆಗೊನ್ ಸಂವಿಧಾನ ತಿದ್ದಿಸಿಕೊಂಡು 1928ರ ಜುಲೈನಲ್ಲಿ ಮತ್ತೆ ಗೆದ್ದರು. ಅದೇ ತಿಂಗಳ 17ರಂದು ಹೋಟೆಲೊಂದರಲ್ಲಿ ಊಟದ ಹೊತ್ತಿನಲ್ಲಿ ಗುಂಡಿಗೆ ಬಲಿಯಾದರು.

1933ರಲ್ಲಿ ಈ ನಿಷೇಧ ಸಂಸತ್ ಸದಸ್ಯರಿಗೂ ಹಬ್ಬಿತು. ಗೆದ್ದ ಸದಸ್ಯ ಅದೇ ಸ್ಥಾನಕ್ಕೆ ಮುಂದಿನ ಚುನಾವಣೆಯಲ್ಲೇ ಸ್ಪರ್ಧಿಸುವಂತಿರಲಿಲ್ಲ. ಫಲವೇನಾಯಿತು? ಕ್ಷೇತ್ರದ ಜನ ಮೆಚ್ಚಿದರೂ ಅಷ್ಟೇ, ಬೈದರೂ ಅಷ್ಟೇ. ಅವನ ಮುಂದಿನ ಹುದ್ದೆ ಜನರ ಕೈಯಲ್ಲಿ ಇರಲಿಲ್ಲ, ಪಕ್ಷದ ವರಿಷ್ಠರ ಕೈಯಲ್ಲಿತ್ತು. ಹತ್ತಾರು ವರ್ಷ ಒಂದೇ ಪಕ್ಷ ಆಳಿದ ದೇಶದಲ್ಲಿ ಸಂಸತ್ತು ಅಧ್ಯಕ್ಷರ ಮುಂದೆ ಕೈಕಟ್ಟಿ ನಿಂತದ್ದಕ್ಕೆ ಇದೂ ಒಂದು ಕಾರಣ. 2014ರಲ್ಲಿ ಆ ನಿಷೇಧ ತೆಗೆದರು, 2025ರಲ್ಲಿ 2030ರಿಂದ ಮತ್ತೆ ಜಾರಿಯಾಗುವಂತೆ ತಂದರು. ಇಲ್ಲಿ ಮತದಾರರು ಕಳೆದುಕೊಂಡದ್ದು ನಿಜವಾದ ಹಕ್ಕು. ಶಿಕ್ಷಿಸುವ, ಬಹುಮಾನ ಕೊಡುವ ಎರಡೂ ಅಧಿಕಾರ ಹೋಯಿತು. ಐನೂರು ಸದಸ್ಯರಲ್ಲಿ ಒಬ್ಬನಾದವನ ಕೈಯಲ್ಲಿ ಪೊಲೀಸರಿಲ್ಲ, ಖಜಾನೆಯಿಲ್ಲ. ಅವನು ಮೂವತ್ತು ವರ್ಷ ಗೆದ್ದರೂ ಮತಪೆಟ್ಟಿಗೆಗೆ ಅಪಾಯವಿಲ್ಲ.

ಅಮೆರಿಕದಲ್ಲಿ 1990ರ ದಶಕದಲ್ಲಿ ಇದೇ ಗಾಳಿ ಬೀಸಿತು. 1992ರಲ್ಲಿ ಅರ್ಕಾನ್ಸಾ ರಾಜ್ಯದ ಮತದಾರರು ಸುಮಾರು ಶೇ 60ರ ಬಹುಮತದಿಂದ ತಮ್ಮ ಸಂಸತ್ ಸದಸ್ಯರಿಗೆ ಮಿತಿ ಹಾಕಿದರು. ಉಪಾಯ ನೋಡಿ: ಮೂರು ಅವಧಿ ಮುಗಿಸಿದವರು ಕೆಳಮನೆಗೆ ಸ್ಪರ್ಧಿಸಬಾರದೆಂದು ಹೇಳಲಿಲ್ಲ, ಅವರ ಹೆಸರನ್ನು ಮತಪತ್ರದಲ್ಲಿ ಮುದ್ರಿಸುವುದಿಲ್ಲ ಎಂದರಷ್ಟೆ. ಬೇಕಾದವರು ಕೈಯಲ್ಲಿ ಹೆಸರು ಬರೆದು ಮತ ಹಾಕಬಹುದು. 1995ರ ಮೇ 22ರಂದು ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರ ಬಹುಮತದಿಂದ ಅದನ್ನು ಹೊಡೆದುಹಾಕಿತು. ತಮ್ಮನ್ನು ಆಳುವವರನ್ನು ತಾವೇ ಆರಿಸುವುದು ಜನರ ಹಕ್ಕು ಎಂಬುದು ನ್ಯಾಯಮೂರ್ತಿ ಸ್ಟೀವನ್ಸ್ ಬರೆದ ತೀರ್ಪಿನ ಆಧಾರಗಳಲ್ಲೊಂದು. ಆ ಜನರೇ ಮತ ಹಾಕಿ ಮಿತಿ ತಂದಿದ್ದಾರಲ್ಲ ಎಂಬುದು ನ್ಯಾಯಮೂರ್ತಿ ಥಾಮಸ್ ಅವರ ಭಿನ್ನಮತದ ಹುರುಳು. ನನಗೆ ತೀರ್ಪು ಇಷ್ಟ, ಭಿನ್ನಮತದ ಪ್ರಶ್ನೆ ಇನ್ನೂ ಇಷ್ಟ. ರಾಜ್ಯಗಳ ಶಾಸಕರ ಮಟ್ಟಿಗೆ ಮಿತಿಗಳು ಉಳಿದವು. 1990ರಲ್ಲಿ ಕ್ಯಾಲಿಫೋರ್ನಿಯಾ ಕೆಳಮನೆಗೆ ಆರು ವರ್ಷ, ಮೇಲ್ಮನೆಗೆ ಎಂಟು ವರ್ಷವೆಂದು ಗೆರೆ ಎಳೆಯಿತು. ಬಜೆಟ್ ಓದುವುದನ್ನು ಕಲಿಯುವಷ್ಟರಲ್ಲಿ ಶಾಸಕನ ಗಂಟುಮೂಟೆ ಸಿದ್ಧ. ಸದನದಲ್ಲಿ ಹಳಬರಾಗಿ ಉಳಿದವರು ಅಧಿಕಾರಿಗಳು ಮತ್ತು ಕಂಪನಿಗಳ ಪರವಾಗಿ ಓಡಾಡುವವರು. 2012ರಲ್ಲಿ ಅಲ್ಲಿನ ಮತದಾರರೇ, ಯಾವ ಮನೆಯಲ್ಲಾದರೂ ಸರಿ, ಒಟ್ಟು ಹನ್ನೆರಡು ವರ್ಷ ಇರಬಹುದೆಂದು ಅದನ್ನು ಸಡಿಲಿಸಿದರು.

ನಮ್ಮ ದೇಶದಲ್ಲಿ ಪ್ರಧಾನಿಗಾಗಲಿ ಮುಖ್ಯಮಂತ್ರಿಗಾಗಲಿ ಇಂಥ ಮಿತಿಯಿಲ್ಲ. ರಾಷ್ಟ್ರಪತಿ ಒಮ್ಮೆ ಮಾತ್ರ ಮರುಆಯ್ಕೆಯಾಗಬಹುದೆಂದು ಕರಡು ಸಂವಿಧಾನದಲ್ಲಿ ಇದ್ದದ್ದೂ ಅಂತಿಮ ರೂಪದಲ್ಲಿ ಬಿಟ್ಟುಹೋಯಿತು. ಯಾವ ದಿನ ಬೇಕಾದರೂ ಸದನದ ವಿಶ್ವಾಸ ಕಳೆದುಕೊಂಡು ಮನೆಗೆ ಹೋಗಬೇಕಾದ ಪ್ರಧಾನಿಗೆ ಬೇರೆ ಮಿತಿ ಬೇಡ ಎಂಬುದು ಸಂಸದೀಯ ಪದ್ಧತಿಯ ನಂಬಿಕೆ. ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ ಆ ನಂಬಿಕೆಯಲ್ಲಿ ಎಷ್ಟು ಜೀವ ಉಳಿದಿದೆ ಎಂಬುದು ಇನ್ನೊಂದು ಉಪನ್ಯಾಸದ ವಿಷಯ.

ಆದರೆ ಹೆಸರಿಲ್ಲದ ಅವಧಿ ಮಿತಿಯೊಂದು ನಮ್ಮ ಹಳ್ಳಿಗಳಲ್ಲಿದೆ. ಪಂಚಾಯಿತಿಗಳಲ್ಲಿ ಮೀಸಲು ಸ್ಥಾನಗಳನ್ನು ಕ್ಷೇತ್ರದಿಂದ ಕ್ಷೇತ್ರಕ್ಕೆ ಸರದಿಯಂತೆ ಹಂಚಬಹುದೆಂದು 243-ಡಿ ವಿಧಿ ಹೇಳುತ್ತದೆ. ಮೀಸಲಾತಿ ಪಟ್ಟಿ ಬಂದ ದಿನ ತಾಲ್ಲೂಕು ಕಚೇರಿಯ ಮುಂದೆ ನಿಂತು ನೋಡಿ. ಐದು ವರ್ಷ ಕುಡಿಯುವ ನೀರಿಗೆ ಓಡಾಡಿದ ಸದಸ್ಯನೊಬ್ಬ, ತನ್ನ ಕ್ಷೇತ್ರ ಈ ಸಲ ಮಹಿಳೆಗೆ ಹೋಯಿತೆಂದು ಪಟ್ಟಿಯ ಮೇಲೆ ಬೆರಳಿಟ್ಟುಕೊಂಡು ನಿಂತಿರುತ್ತಾನೆ. ಕ್ಷೇತ್ರ ‘ಸಾಮಾನ್ಯ’ವಾಯಿತೆಂದರೆ ಸದಸ್ಯೆಯಾಗಿ ಪಳಗಿದ ಹೆಣ್ಣುಮಗಳಿಗೆ ಮನೆಯವರೇ ‘ಇನ್ನು ಸಾಕು’ ಎನ್ನುತ್ತಾರೆ. ಮೆಕ್ಸಿಕೊದ ಮತದಾರನಂತೆ ಇಲ್ಲಿನವರಿಗೂ ಮೆಚ್ಚಿದವರನ್ನು ಉಳಿಸಿಕೊಳ್ಳುವ ದಾರಿ ಅಲ್ಲಿಗೆ ಮುಚ್ಚಿತು. ಆದರೂ ಈ ಸರದಿಯಿಂದಲೇ ಲಕ್ಷಾಂತರ ಹೆಣ್ಣುಮಕ್ಕಳು, ದಲಿತರು ಪಂಚಾಯಿತಿಯ ಕುರ್ಚಿ ಹತ್ತಿದ್ದಾರೆ, ಆದ್ದರಿಂದ ಈ ನಷ್ಟವನ್ನು ನಾನು ಒಪ್ಪುತ್ತೇನೆ. ಎರಡು ಅವಧಿಗೊಮ್ಮೆ ಸರದಿ ಬದಲಾದರೆ ನಷ್ಟ ಅರ್ಧಕ್ಕಿಳಿಯುತ್ತದೆ. ಇನ್ನು ಕರ್ನಾಟಕದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು, ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ಆಡಳಿತಾಧಿಕಾರಿಗಳು ಕುಳಿತದ್ದು, 2020ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಗೂ ಅದೇ ಗತಿ ಬಂದದ್ದು ನಿಮಗೆ ಗೊತ್ತು. ಮತದಾರರ ಹಕ್ಕು ಮೊಟಕಾಗುವುದನ್ನು ನೋಡಲು ನಾವು ಅಷ್ಟೇನೂ ದೂರ ಹೋಗಬೇಕಾಗಿಲ್ಲ.

ಮಿತಿ ಎಷ್ಟು ಬಿಗಿಯಾಗಿರಬೇಕು ಎಂಬ ಪ್ರಶ್ನೆ ಉಳಿಯಿತು. ಚಿಲಿಯಲ್ಲಿ ಅಧ್ಯಕ್ಷರು ಸತತವಾಗಿ ಎರಡನೆಯ ಸಲ ನಿಲ್ಲುವಂತಿಲ್ಲ, ನಡುವೆ ಒಂದು ಅವಧಿ ಬಿಟ್ಟು ಬರಬಹುದು. ಮಿಶೆಲ್ ಬಾಶೆಲೆ 2010ರಲ್ಲಿ ಇಳಿಯುವಾಗ ಜನಮೆಚ್ಚುಗೆ ಶೇ 80ಕ್ಕೂ ಹೆಚ್ಚಿತ್ತು. ಜನಕ್ಕೆ ಅವರೇ ಬೇಕಿತ್ತು, ನಿಯಮ ಬಿಡಲಿಲ್ಲ. ಅವರ ಕೂಟದ ಅಭ್ಯರ್ಥಿ ಸೋತು ಸೆಬಾಸ್ಟಿಯನ್ ಪಿನ್ಯೇರಾ ಬಂದರು. ನಾಲ್ಕು ವರ್ಷ ಕಾದ ಮತದಾರರು ಬಾಶೆಲೆ ಅವರನ್ನು ಶೇ 62 ಮತದಿಂದ ಕರೆತಂದರು, ಅವರ ನಂತರ ಪಿನ್ಯೇರಾ ಅವರನ್ನೂ ಮತ್ತೆ ಕರೆತಂದರು. ಕುರ್ಚಿ ಖಾಲಿಮಾಡಿ, ಸರ್ಕಾರಿ ಯಂತ್ರ ಬೇರೆಯವರ ಕೈಯಲ್ಲಿದ್ದಾಗ ಬಂದು ಗೆದ್ದರೆ ಅದು ಮತದಾರರದೇ ಆಯ್ಕೆ ಎನ್ನಲು ಅಡ್ಡಿಯಿಲ್ಲ. ರಷ್ಯಾದ ಪುಟಿನ್ 2008ರಲ್ಲಿ ಕುರ್ಚಿಯನ್ನು ಮೆಡ್ವೆಡೆವ್‌ಗೆ ಒಪ್ಪಿಸಿ ಪ್ರಧಾನಿಯಾಗಿ ಪಕ್ಕದಲ್ಲೇ ಕುಳಿತದ್ದೂ ಇದೇ ಬಗೆಯ ನಿಯಮದಡಿ ಎಂಬುದನ್ನು ಮರೆಯುವಂತಿಲ್ಲ, ನಿಜ.

ಬೊಲಿವಿಯಾದ 168ನೆಯ ವಿಧಿಯೂ ನಿಷೇಧಿಸಿದ್ದು ಎರಡನೆಯ ಸತತ ಮರುಆಯ್ಕೆಯನ್ನಷ್ಟೆ. 2019ರಲ್ಲಿ ಕೆಳಗಿಳಿದು, ಒಂದು ಅವಧಿ ಹೊರಗಿದ್ದ ಮೋರಾಲೆಸ್ 2025ರಲ್ಲಿ ಸ್ಪರ್ಧಿಸಬಹುದಿತ್ತೆಂದು ಆ ವಿಧಿಯನ್ನು ಓದಿದವರಿಗೆ ಅನ್ನಿಸುವುದು ಸಹಜ. ಆದರೆ 2023ರ ಡಿಸೆಂಬರ್ ಕೊನೆಯಲ್ಲಿ ಅದೇ ನ್ಯಾಯಮಂಡಳಿ ತನ್ನ 2017ರ ನಿಲುವನ್ನು ತಿರುಗಿಸಿ, ಸತತವಾಗಲಿ ಬಿಡಿಬಿಡಿಯಾಗಲಿ ಒಟ್ಟು ಎರಡೇ ಅವಧಿ ಎಂದುಬಿಟ್ಟಿತು. ಆ ಹೊತ್ತಿಗೆ ಮೋರಾಲೆಸ್ ಮತ್ತು ಅಧ್ಯಕ್ಷ ಆರ್ಸೆ ಪಕ್ಷದೊಳಗೇ ಬದ್ಧವೈರಿಗಳಾಗಿದ್ದರು. ಬೊಲಿವಿಯಾದಲ್ಲಿ ಈ ನ್ಯಾಯಾಧೀಶರನ್ನೂ ಜನರೇ ಚುನಾಯಿಸುತ್ತಾರೆ. ಅವರ ಆರು ವರ್ಷದ ಅವಧಿ ಮುಗಿಯುತ್ತಿತ್ತು, ಹೊಸ ಚುನಾವಣೆ ನಡೆದಿರಲಿಲ್ಲ. ಮೋರಾಲೆಸ್ ಅವರಿಗೆ ಗೆರೆ ಎಳೆದ ಅದೇ ತಿಂಗಳು ಆ ನ್ಯಾಯಾಧೀಶರು ತಮ್ಮ ಅವಧಿಯನ್ನು ತಾವೇ ವಿಸ್ತರಿಸಿಕೊಂಡಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಹಾಗಾಗಿ ನನ್ನ ಉತ್ತರವನ್ನು ಹೌದು ಅಥವಾ ಇಲ್ಲ ಎಂದು ಕೇಳಬೇಡಿ. 2009ರಲ್ಲಿ ಬೊಲಿವಿಯಾದ ಮತದಾರರು ಆಳುವವರಿಗೆ ಮಿತಿ ಹಾಕಿದಾಗ, 2016ರಲ್ಲಿ ಅದನ್ನು ಬದಲಿಸುವುದು ಬೇಡವೆಂದಾಗ ತಮ್ಮ ಹಕ್ಕನ್ನು ಚಲಾಯಿಸಿದರು. 2017ರಲ್ಲಿ ಆ ಹಕ್ಕನ್ನು ಕಿತ್ತುಕೊಳ್ಳಲಾಯಿತು. 2023ರಲ್ಲಿ, ಅವರು ಹಾಕದ ಮಿತಿಯೊಂದನ್ನು ಅವರ ಮೇಲೆ ಹೇರಿದಾಗ, ಇನ್ನೊಮ್ಮೆ ಕಿತ್ತುಕೊಳ್ಳಲಾಯಿತು.

ಆ ದೇಶದಲ್ಲಿ ಮತದಾನ ಕಡ್ಡಾಯ. ಮತ ಹಾಕಿದ್ದಕ್ಕೆ ಕೊಡುವ ಚೀಟಿ ಇಲ್ಲದಿದ್ದರೆ ಚುನಾವಣೆಯ ನಂತರ ತೊಂಬತ್ತು ದಿನ ಬ್ಯಾಂಕಿನ ಕೆಲಸವೂ ಆಗುವುದಿಲ್ಲ. 2025ರ ಆಗಸ್ಟ್ 17ರಂದು ಮೋರಾಲೆಸ್ ಬೆಂಬಲಿಗರು ಮತಗಟ್ಟೆಗೆ ಹೋದರು, ತಮ್ಮ ನಾಯಕರ ಭಾವಚಿತ್ರವಿಲ್ಲದ ಮತಪತ್ರ ಪಡೆದರು, ಅವರು ಕರೆಕೊಟ್ಟಿದ್ದಂತೆ ಅದನ್ನು ಕೆಡಿಸಿ ಪೆಟ್ಟಿಗೆಗೆ ಹಾಕಿ, ಚೀಟಿ ತೆಗೆದುಕೊಂಡು ಹೊರಬಂದರು. ಎಣಿಸಿದಾಗ ಬಿದ್ದ ಮತಗಳಲ್ಲಿ ಹೆಚ್ಚುಕಡಿಮೆ ಐದಕ್ಕೊಂದು ಕುಲಗೆಟ್ಟ ಮತ. ಇಪ್ಪತ್ತು ವರ್ಷ ಆ ದೇಶದ ರಾಜಕಾರಣವನ್ನು ಆಳಿದ ಪಕ್ಷಕ್ಕೆ ಸಿಕ್ಕಿದ್ದು ಶೇ 3ರ ಆಸುಪಾಸು.